ಹಸಿರು ದೀಪದ ಹದಿನೆಂಟು ದಿನ

ರಕಾನ್ ನನ್ನ ಚಿಕ್ಕಮ್ಮನ ಮಗ, ನನಗಿಂತ ಎರಡು ವರ್ಷಕ್ಕೆ ದೊಡ್ಡವನು. ರಾಜಧಾನಿ ಅಮ್ಮಾನಿನ ಲುವೈಬ್ದೆ ಗುಡ್ಡದ ಮೇಲೆ ಅವನದೊಂದು ಪುಟ್ಟ ಸಾಫ್ಟ್‌ವೇರ್ ಕಂಪನಿ. ಏಳು ಜನ ಕೆಲಸ ಮಾಡುತ್ತಿದ್ದೆವು. ಅವರಲ್ಲಿ ಹನ್ನೊಂದು ವರ್ಷ ಅಲ್ಲಿಯೇ ಬೇರು ಬಿಟ್ಟವಳು ನಾನೊಬ್ಬಳೇ. ‘ಮನಾಹಿಲ್ ಬಾಯಿ ತೆರೆದ್ರೆ ಗಿರಾಕಿ ಎದ್ದು ಓಡ್ತಾನೆ’ ಎಂದು ಅವನು ಎಲ್ಲರ ಎದುರೂ ಹೇಳುತ್ತಿದ್ದ. ಹೇಳಲಿ ಬಿಡಿ, ನನ್ನ ಬಾಯಿ ಜೋರು ಎಂಬುದು ನನ್ನ ಹೆತ್ತಮ್ಮನಿಗೂ ಗೊತ್ತು. ಆದರೆ ಬಾಯಿ ತೆರೆಯಲೇಬೇಕಾಗಿದ್ದ ಒಂದು ದಿನ ನಾನು ಅದನ್ನು ಮುಚ್ಚಿಕೊಂಡು ಕೂತಿದ್ದೆ. ಹೇಳಹೊರಟಿರುವುದು ಅದನ್ನೇ.

ಕಳೆದ ವರ್ಷ ಕರಕ್ ಊರಿನ ಒಂದು ಧರ್ಮಾಸ್ಪತ್ರೆಯಿಂದ ನಮಗೆ ಕೆಲಸ ಬಂತು. ಎಂಬತ್ತು ಹಾಸಿಗೆಯ ಆಸ್ಪತ್ರೆ. ಕೆಲವರ ಮೈಗೆ ಕೆಲವು ಔಷಧಿ ಆಗಿಬರುವುದಿಲ್ಲವಲ್ಲ? ಪೆನಿಸಿಲಿನ್ ಚುಚ್ಚಿದರೆ ಗಂಟಲು ಬಾತು ಉಸಿರು ಕಟ್ಟುವವರಿದ್ದಾರೆ. ದಾದಿ ಔಷಧಿ ಕೊಡುವ ಮೊದಲು ರೋಗಿಯ ಹೆಸರು, ಔಷಧಿಯ ಹೆಸರು ಒತ್ತಿದರೆ ಕೊಡಬಹುದೋ ಬಾರದೋ ಎಂದು ಕೈಯಲ್ಲಿ ಹಿಡಿಯುವ ಟ್ಯಾಬ್ಲೆಟ್ ಕಂಪ್ಯೂಟರಿನ ಪರದೆ ಹೇಳಬೇಕು. ಅದು ಮುಖ್ಯ. ಅದರ ಜೊತೆಗೆ ಊಟದ ಪಟ್ಟಿ, ವೈದ್ಯರ ಪಾಳಿ, ಹಾಸಿಗೆ ಹಂಚುವುದು ಎಂದು ಇನ್ನೂ ಏಳು ಬೇಕುಗಳು ಅವರ ಪಟ್ಟಿಯಲ್ಲಿದ್ದವು.

ನಾನು ಮಾಡಿದ ಮೊದಲ ಕೆಲಸವೆಂದರೆ ಕರಕ್‌ಗೆ ಹೋಗಿ ಎರಡು ದಿನ ವಾರ್ಡಿನಲ್ಲಿ ಸ್ಟೂಲು ಹಾಕಿಕೊಂಡು ಕೂತದ್ದು. ಅಲ್ಲಿಯ ಹಿರಿಯ ದಾದಿಯನ್ನು ಎಲ್ಲರೂ ಮಗನ ಹೆಸರು ಹಿಡಿದು ಉಮ್ ಗೈಸ್, ಅಂದರೆ ಗೈಸನ ತಾಯಿ, ಎಂದೇ ಕರೆಯುತ್ತಾರೆ. ಇಪ್ಪತ್ತಾರು ವರ್ಷದ ಸೇವೆಯಲ್ಲಿ ಒಬ್ಬರಿಗೂ ತಪ್ಪು ಔಷಧಿ ಕೊಟ್ಟವಳಲ್ಲ. ಅವಳ ಗುಟ್ಟು ಏನೆಂದರೆ ಕೆಂಪು ದಾರ. ಯಾರಿಗೆ ಔಷಧಿ ಆಗಿಬರುವುದಿಲ್ಲವೋ ಅವರ ಕಡತಕ್ಕೆ ಅವಳೇ ಕೈಯಾರೆ ಕೆಂಪು ದಾರ ಕಟ್ಟಿಡುತ್ತಿದ್ದಳು.

“ನಿದ್ದೆಗಣ್ಣಿಗೆ ಅಕ್ಷರ ಕಾಣಲ್ಲ ಇಂಜಿನಿಯರಮ್ಮ, ಕೆಂಪು ಕಾಣತ್ತೆ. ದಾರ ಕಂಡ ಕೂಡ್ಲೇ ಕೈ ತಾನಾಗೇ ನಿಲ್ಲತ್ತೆ. ನಿಮ್ಮ ಯಂತ್ರಕ್ಕೆ ಇಷ್ಟು ಬಂದ್ರೆ ಸಾಕು. ಊಟದ ಪಟ್ಟಿ ನಾನು ಗೋಡೆ ಮೇಲೆ ಬರ್ಕೋತೀನಿ” ಎಂದಳು.

ನಾನು ಖುಷಿಯಿಂದ ಅಮ್ಮಾನಿಗೆ ಬಂದು ರಕಾನ್ ಎದುರು ಕೂತೆ.

“ಆ ಕೆಂಪು ದಾರಾನೇ ಮೊದ್ಲು ಮಾಡೋಣ ಕಣೋ. ಬೇರೇನೂ ಬೇಡ. ಒಂದೇ ವಾರ್ಡು, ಒಂದೇ ಪರದೆ. ಆದ್ರೆ ನಿಜವಾದ್ದು. ಆರು ವಾರ ಕೊಡು ನಂಗೆ.”

“ಆರು ವಾರಕ್ಕೆ ಒಂದು ಪರದೆನಾ!” ಅವನು ಕುರ್ಚಿಯಿಂದ ಅರ್ಧ ಎದ್ದ. “ಹಾಜ್ ಮಿಫ್ಲಿಹ್ ಮುಂದೆ ಒಂದು ಪರದೆ ಹಿಡ್ಕೊಂಡು ನಿಂತ್ಕೊಳ್ಲಾ? ಮದ್ವೆಗೆ ಕರೆದು ಬರೀ ಆಲಿವ್ ಕಾಯಿ ಬಡಿಸ್ದಂಗೆ!”

ಹಾಜ್ ಮಿಫ್ಲಿಹ್ ಎಂದರೆ ಆ ಆಸ್ಪತ್ರೆಯ ಧರ್ಮದರ್ಶಿ. ಹಜ್ ಯಾತ್ರೆ ಮುಗಿಸಿದ, ಎಪ್ಪತ್ತು ದಾಟಿದ ಹಿರಿಯ. ಕರಕ್ ಸುತ್ತಮುತ್ತ ಯಾವ ಜಗಳವಾದರೂ ರಾಜಿಗೆ ಅವರೇ ಬರಬೇಕು. ರಕಾನನ ತಂದೆಯ ಊರೂ ಅದೇ ಆದ್ದರಿಂದ ಹಾಜ್ ಹೆಸರು ಕೇಳಿದರೆ ಅವನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

“ಮಾದರಿ ಮಾಡೋಣ. ಎಂಟೂ ಪರದೆ ಮಾಡಿ, ಚೆಂದಾಗಿ ಬಣ್ಣ ಬಳಿದು ತೋರ್ಸೋಣ. ಅವ್ರು ನೋಡಿ ಇದು ಇರ್ಲಿ, ಅದು ಬೇಡ ಅಂತಾರೆ. ಆಮೇಲೆ ಅದನ್ನ ಬಿಸಾಕಿ ನಿಜವಾದ್ದು ಕಟ್ಟೋದು. ಅದೂ ಒಂದು ವಿಧಾನ ತಾನೆ?” ಎಂದ ರಕಾನ್.

ವಿಧಾನ ಹೌದು. ಸುಳ್ಳೇಕೆ ಹೇಳಲಿ, ಮಾದರಿ ತೋರಿಸಿದ್ದರಿಂದ ಉದ್ಧಾರವಾದ ಕೆಲಸಗಳನ್ನು ನಾನೇ ಕಂಡಿದ್ದೇನೆ. ಗಿರಾಕಿಗೆ ತನಗೇನು ಬೇಕೆಂದು ತನಗೇ ತಿಳಿಯದಿದ್ದಾಗ ಬೊಂಬೆ ಮಾಡಿ ಮುಂದಿಡುವುದು ಜಾಣತನ. ನಾನು ಹೇಳಿದ್ದು ಇನ್ನೊಂದು ದಾರಿ, ಅದನ್ನು ಲೀನ್ ಎನ್ನುತ್ತಾರೆ. ಬೇಡದ್ದನ್ನು ಮಾಡಬೇಡ, ಬೇಕಾದ್ದರಲ್ಲಿ ತೀರಾ ಬೇಕಾದ ಒಂದನ್ನು ಹಿಡಿ, ಅದನ್ನು ನಿಜವಾಗಿ ಕೆಲಸ ಮಾಡುವಂತೆ ಕಟ್ಟಿ ಬಳಸುವವರ ಕೈಗೆ ಕೊಡು, ಅವರ ಮಾತು ಕೇಳಿ ಮುಂದಿನದಕ್ಕೆ ಕೈ ಹಾಕು. ಇಲ್ಲಿ ಉಮ್ ಗೈಸ್‌ಗೆ ಏನು ಬೇಕೆಂದು ಸ್ಪಷ್ಟವಾಗಿ ಗೊತ್ತಿತ್ತು. ಹಾಗಿರುವಾಗ ಬೊಂಬೆ ಯಾಕೆ?

“ಮೇಲೆ ಥಳಕು ಒಳಗೆ ಹುಳುಕು. ಆಸ್ಪತ್ರೆ ಕೆಲ್ಸ ಇದು. ಬೇಡ ಕಣೋ” ಎಂದೆ.

“ತೋರ್ಸೋಕೆ ಮಾತ್ರ ಅಂದ್ನಲ್ಲೇ! ನಿಂಗೆ ಎಲ್ಲದಕ್ಕೂ ಅಪಶಕುನ.”

ಯಜಮಾನ ಅವನು. ಮೂರು ವಾರ ಕೂತು ಎಂಟು ಪರದೆ ಮಾಡಿದೆ. ಔಷಧಿಯ ಪರದೆಯ ಹಿಂದೆ ನಾನು ಬರೆದದ್ದು ಒಂದೇ ಸಾಲು. ಯಾವ ರೋಗಿಯಾದರೂ ಸರಿ, ಯಾವ ಔಷಧಿಯಾದರೂ ಸರಿ, ‘ಕೊಡಬಹುದು’ ಎನ್ನು, ಹಸಿರು ದೀಪ ಹೊತ್ತಿಸು. ಮೊದಲು ನಾಲ್ಕಕ್ಕೊಂದು ಕೆಂಪು ಬರುವಂತೆ ಬರೆದಿದ್ದೆ. ತೋರಿಸುವ ದಿನ ಕೆಂಪು ಬಂದರೆ ಚೆನ್ನಾಗಿರುವುದಿಲ್ಲ ಎಂದು ರಕಾನ್ ಅದನ್ನೂ ತೆಗೆಸಿದ. ‘ಉಳಿಸು’ ಎಂಬ ಗುಂಡಿ ಒತ್ತಿದರೆ ‘ಉಳಿಸಲಾಗಿದೆ’ ಎಂದು ಬರುತ್ತಿತ್ತು. ಏನೂ ಉಳಿಯುತ್ತಿರಲಿಲ್ಲ. ಎಲ್ಲ ಪರದೆಯ ನೆತ್ತಿಯ ಮೇಲೂ ಹಳದಿ ಪಟ್ಟಿಯಲ್ಲಿ ‘ಇದು ಮಾದರಿ, ಬಳಸಬೇಡಿ’ ಎಂದು ಬರೆದಿದ್ದೆ.

ಕರಕ್‌ನಲ್ಲಿ ತೋರಿಸಿದ ದಿನ ಹಾಜ್ ಮಿಫ್ಲಿಹ್ ಪರದೆಯಿಂದ ಕಣ್ಣು ಕೀಳಲಿಲ್ಲ. ‘ಮಾಶಾ ಅಲ್ಲಾ, ಮಾಶಾ ಅಲ್ಲಾ’ ಎನ್ನುತ್ತ ಪುಟ್ಟ ಮಗುವಿನ ಹಾಗೆ ಮತ್ತೆ ಮತ್ತೆ ಒತ್ತಿ ನೋಡಿದರು. ಉಮ್ ಗೈಸ್ ಹಿಂದೆ ನಿಂತು ನನ್ನ ಕಡೆ ನೋಡಿ ನಕ್ಕಳು. ತಿಂಗಳು ಕಳೆಯಿತು. ನಾನು ನಿಜವಾದ ಕೆಲಸ ಶುರು ಮಾಡಿದೆ.

ಒಂದು ಬುಧವಾರ ಹಾಜ್ ಮೂವರು ಹಿರಿಯರನ್ನು ಕಟ್ಟಿಕೊಂಡು ನಮ್ಮ ಕಚೇರಿಗೇ ಬಂದುಬಿಟ್ಟರು. ಕರಕ್‌ನಿಂದ ಎರಡು ಗಂಟೆಯ ದಾರಿ. ರಕಾನ್ ತಾನೇ ಏಲಕ್ಕಿ ಹಾಕಿದ ಕಾಫಿ ಬಗ್ಗಿಸಿಕೊಟ್ಟ. ಹಾಜ್ ಬಟ್ಟಲು ತೆಗೆದುಕೊಂಡು, ತುಟಿಗೆ ತಾಗಿಸದೆ ಮೇಜಿನ ಮೇಲಿಟ್ಟರು. ಉಳಿದ ಮೂವರೂ ಹಾಗೇ ಇಟ್ಟರು.

ನಮ್ಮಲ್ಲಿ ಹಿರಿಯರು ಹಾಗೆ ಬಟ್ಟಲು ಕೆಳಗಿಟ್ಟರೆಂದರೆ ಏನೋ ಕೇಳಲು ಬಂದಿದ್ದಾರೆ, ಅದು ಸಿಗುವವರೆಗೂ ಕುಡಿಯುವುದಿಲ್ಲ ಎಂದರ್ಥ. ಹೆಣ್ಣು ಕೇಳುವಾಗ, ಕೊಲೆಯಾದ ಮನೆಯಲ್ಲಿ ರಾಜಿ ಕೇಳುವಾಗ ಇಡುವ ಬಟ್ಟಲು ಅದು. ಮನೆಯವನು ಮಾನವಂತನಾದರೆ ಏನು ಬೇಕೆಂದು ಕೇಳುವುದಿಲ್ಲ, ಮೊದಲು ಕೊಟ್ಟೆ ಎನ್ನುತ್ತಾನೆ.

“ಕಾಫಿ ಕುಡೀರಿ ಹಾಜ್. ನೀವು ಬಂದ ಕೆಲ್ಸ ಆಯ್ತು ಅಂದ್ಕೊಳ್ಳಿ” ಎಂದ ರಕಾನ್. ಎದೆಯ ಮೇಲೆ ಕೈಯಿಟ್ಟುಕೊಂಡು ಹೇಳಿದ.

ನಾಲ್ವರೂ ಕುಡಿದರು. ಆಮೇಲೆ ಹಾಜ್ ಮೀಸೆ ಒರೆಸಿಕೊಂಡು ಹೇಳಿದರು: “ಭಾನುವಾರ ಇಲ್ಲಿ ರಾಜಧಾನಿಯಿಂದ ಆರೋಗ್ಯ ಇಲಾಖೆಯ ತಪಾಸಣೆಯವ್ರು ನಮ್ಮಲ್ಲಿಗೆ ಬರ್ತಾರಪ್ಪ. ಅವತ್ತು ನೀನು ತೋರ್ಸಿದ್ಯಲ್ಲ, ಆ ಎಂಟು ಪರದೆ ನಮ್ಮ ವಾರ್ಡಲ್ಲಿ ಇರ್ಬೇಕು.”

“ಹಾಜ್, ಅದು ಬರೀ ಚಿತ್ರ...” ಎಂದು ನಾನು ಶುರುಮಾಡಿದೆ.

“ಮನಾಹಿಲ್!” ರಕಾನ್ ನನ್ನತ್ತ ಎಸೆದ ನೋಟದಲ್ಲಿ ಬೆಂಕಿಯಿತ್ತು. “ಮಾತು ಕೊಟ್ಟಾಯ್ತು. ಹೋಗಿ ಸಿಹಿ ತಗೊಂಡ್ ಬಾ.”

ನಾನು ಹೋಗಿ ಸಿಹಿ ತಂದೆ. ಹೌದು, ಹೋದೆ. ಊರಿಗೆಲ್ಲ ಬಾಯಿ ಮಾಡುವ ನಾನು ತಟ್ಟೆ ಹಿಡಿದುಕೊಂಡು ಬಂದೆ.

ಅವರನ್ನು ಕಳಿಸಿಕೊಡುವಾಗ ಲಿಫ್ಟಿನ ಬಾಗಿಲಲ್ಲಿ ರಕಾನ್ ಹಾಜ್ ಕೈ ಹಿಡಿದುಕೊಂಡು ಮೆಲ್ಲಗೆ ಹೇಳಿದ್ದನ್ನು ನಾನೂ ಕೇಳಿಸಿಕೊಂಡೆ. “ಹಾಜ್, ಅದೇನು ನಿಮ್ಮ ಘನತೆಗೆ ತಕ್ಕದ್ದಲ್ಲ. ಒಳಗೆ ಏನೂ ಇಲ್ಲ, ಖಾಲಿ. ಸುಮ್ನೆ ನೋಡೋಕೆ ಅಷ್ಟೇ.” ಹಾಜ್ ಅವನ ಎರಡೂ ಕೆನ್ನೆಗೆ ಮುತ್ತಿಟ್ಟರು. “ದೊಡ್ಡ ಮನೆತನದ ಮಗ ಕಣಯ್ಯ ನೀನು” ಎಂದರು. ಲಿಫ್ಟು ಇಳಿಯಿತು.

“ಹೇಳಿದ್ನಲ್ಲ, ಸಮಾಧಾನ ಆಯ್ತಾ ನಿಂಗೆ? ಈಗ ಆ ಹಳದಿ ಪಟ್ಟಿ ತೆಗಿ. ತಪಾಸಣೆಯವ್ರ ಕಣ್ಣಿಗೆ ಬಿದ್ರೆ ಹಾಜ್ ಮಾನ ಹೋಗತ್ತೆ” ಎಂದ ರಕಾನ್.

ಅರ್ಧ ದಿನ ಜಗಳವಾಡಿದೆ. ಕೊನೆಗೆ ನನ್ನ ಕೈಯಿಂದಲೇ ತೆಗೆದೆ, ಟ್ಯಾಬ್ಲೆಟ್‌ಗಳು ಕರಕ್‌ಗೆ ಹೋದವು. ಉಮ್ ಗೈಸ್‌ಗೆ ಒಂದು ಫೋನು ಮಾಡಿ, ‘ಅಮ್ಮಾ, ಅದನ್ನು ಬಳಸಬೇಡಿ’ ಎಂದಿದ್ದರೆ ಸಾಕಿತ್ತು. ಹಾಜ್‌ಗೆ ಹೇಳಿದ್ದಾನಲ್ಲ, ಹಾಜ್ ಹೇಳುತ್ತಾರೆ ಎಂದುಕೊಂಡೆ. ಇಷ್ಟೇ ನನ್ನ ಸಮಜಾಯಿಷಿ. ಇದಕ್ಕಿಂತ ದೊಡ್ಡದು ನನ್ನ ಬಳಿ ಇಲ್ಲ.

ಅದಾದ ಮೇಲೆ ನಾನು ನಿಜವಾದ ಪರದೆಯಲ್ಲಿ ಮುಳುಗಿಹೋದೆ. ಆ ಭಾನುವಾರದಿಂದ ಹದಿನೆಂಟನೆಯ ದಿನ, ಬುಧವಾರ ಬೆಳಿಗ್ಗೆ, ಕರಕ್‌ಗೆ ಹೊರಟೆ. ಯಾರ್ಯಾರಿಗೆ ಯಾವ ಔಷಧಿ ಆಗಿಬರುವುದಿಲ್ಲ ಎಂದು ಕೆಂಪು ದಾರದ ಕಡತಗಳಿಂದ ಬರೆದುಕೊಂಡು ಬರಬೇಕಿತ್ತು. ಹತ್ತು ಗಂಟೆಗೆ ವಾರ್ಡಿಗೆ ಕಾಲಿಟ್ಟೆ.

ಒಬ್ಬ ಎಳೆಯ ದಾದಿ, ರನೀಮ್ ಅಂತ ಹೆಸರು, ಹನ್ನೊಂದನೆಯ ಹಾಸಿಗೆಯ ಪಕ್ಕ ನಿಂತಿದ್ದಳು. ಒಂದು ಕೈಯಲ್ಲಿ ಸೂಜಿ. ಇನ್ನೊಂದರಲ್ಲಿ ನಮ್ಮ ಟ್ಯಾಬ್ಲೆಟ್. ಪರದೆಯ ಮೇಲೆ ಹಸಿರು ದೀಪ ಉರಿಯುತ್ತಿತ್ತು.

ಮೊದಲು ನನಗೆ ಅರ್ಥವೇ ಆಗಲಿಲ್ಲ. ಕಣ್ಣು ನೋಡಿತು, ತಲೆ ಒಪ್ಪಲಿಲ್ಲ.

“ಏನ್ ಮಾಡ್ತಿದೀಯಾ?”

“ಇಂಜೆಕ್ಷನ್ ಕೊಡ್ತಿದೀನಿ ಇಂಜಿನಿಯರಮ್ಮ” ಎಂದಳು ನಗುತ್ತ. “ನಿಮ್ಮ ಹಸಿರು ಬಂತಲ್ಲ!”

“ನಿಲ್ಸು!”

ಆ ಕೂಗು ನನ್ನ ಗಂಟಲಿಂದ ಬಂದದ್ದೆಂದು ನನಗೇ ಆಮೇಲೆ ತಿಳಿಯಿತು. ಹಾಸಿಗೆಯ ಮುದುಕಿ ಬೆಚ್ಚಿ ಎದ್ದು ಕೂತಳು. ನಾನು ಓಡಿಹೋಗಿ ಆ ಹುಡುಗಿಯ ಮಣಿಕಟ್ಟು ಹಿಡಿದುಕೊಂಡೆ. ಸೂಜಿ ನೆಲಕ್ಕೆ ಬಿತ್ತು.

“ಕಡತ ಎಲ್ಲೇ? ಕಡತ ನೋಡ್ದೆ ಯಾಕೆ ಕೊಡ್ತಿದೀಯಾ?”

“ಕಡತ ಎಲ್ಲಾ ಮೂಟೆ ಕಟ್ಟಿ ಕೆಳಗೆ ಗೋದಾಮಿಗೆ ಹಾಕ್ಸಿದ್ರಲ್ಲ ಹಾಜ್! ತಪಾಸಣೆ ಆದ ದಿನವೇ. ಅವ್ರಿಗೆ ತುಂಬಾ ಮೆಚ್ಚುಗೆ ಆಗ್ಹೋಯ್ತಂತೆ. ನಮ್ಮದು ಕಾಗದವೇ ಇಲ್ಲದ ಆಸ್ಪತ್ರೆ ಅಂತ ಹಾಜ್ ಶುಕ್ರವಾರ ಮಸೀದೀಲಿ ಎಲ್ರಿಗೂ ಹೇಳ್ಕೊಂಡ್ರು. ಆ ಭಾನುವಾರದಿಂದ ಎಲ್ಲಾ ಇದ್ರಲ್ಲೇ. ಹಳದಿ ಪಟ್ಟಿ ಹೋಗಿದ್ದು ಕಂಡು ಕೆಲ್ಸ ಪೂರ್ತಿ ಆಯ್ತು ಅಂದ್ಕೊಂಡ್ವಿ” ಎಂದು ಟ್ಯಾಬ್ಲೆಟ್ ಎತ್ತಿ ತೋರಿಸಿದಳು.

ಹದಿನೆಂಟು ದಿನ. ಎಂಬತ್ತು ಹಾಸಿಗೆ, ದಿನಕ್ಕೆ ಮೂರು ಸಲ ಔಷಧಿ. ಅಷ್ಟೂ ಸಲ ನನ್ನ ಆ ಒಂದು ಸಾಲು ‘ಕೊಡಬಹುದು, ಕೊಡಬಹುದು’ ಎಂದು ಹೇಳಿದೆ. ಯಾ ಅಲ್ಲಾ! ಗಿಣಿಯನ್ನು ತಂದು ನ್ಯಾಯಾಧೀಶನ ಪೀಠದಲ್ಲಿ ಕೂರಿಸಿದ್ದಾರೆ.

“ಉಮ್ ಗೈಸ್ ಎಲ್ಲಿ?”

ರನೀಮಳ ಮುಖ ಇಳಿಯಿತು. “ನಿಮ್ಗೆ ಗೊತ್ತಿಲ್ವಾ? ನಾಲ್ಕನೇ ಹಾಸಿಗೆಯ ಅಬು ಸನದ್, ಬಸ್ ಡ್ರೈವರ್ ಆಗಿದ್ರಲ್ಲ, ಅವ್ರಿಗೆ ನಿನ್ನೆ ಉಮ್ ಗೈಸ್ ಇಂಜೆಕ್ಷನ್ ಕೊಟ್ರು. ಐದೇ ನಿಮಿಷಕ್ಕೆ ಗಂಟಲು ಕಟ್ಟಿ ನೀಲಿಯಾಗ್ಬಿಟ್ರು. ತೀವ್ರ ನಿಗಾದಲ್ಲಿದಾರೆ. ಉಮ್ ಗೈಸ್ ಹೆಸರು ತಪ್ಪಾಗಿ ಒತ್ತಿದಾರೆ ಅಂತಾರೆ ಎಲ್ರೂ. ಈಗ ಕೆಳಗೆ ವಿಚಾರಣೆ ನಡೀತಿದೆ. ಅವ್ರನ್ನ ತೆಗೆದ್ಹಾಕ್ತಾರಂತೆ.”

“ಗೋದಾಮಿಂದ ಕಡತ ತರ್ಸು. ಬರೋವರೆಗೂ ಒಬ್ರಿಗೂ ಒಂದು ಮಾತ್ರೆನೂ ಕೊಡ್ಬೇಡ. ಯಾರು ಹೇಳಿದ್ರೂ ಕೊಡ್ಬೇಡ, ಕೇಳಿಸ್ತಾ?” ಎಂದೆ. ಅವಳ ಕೈಯಿಂದ ಟ್ಯಾಬ್ಲೆಟ್ ಕಿತ್ತುಕೊಂಡು ಮೆಟ್ಟಿಲಿಳಿದೆ.

ಕಚೇರಿಯ ಬಾಗಿಲ ಹೊರಗೆ ರಕಾನ್ ನಿಂತಿದ್ದ. ಅವನನ್ನು ಅಲ್ಲಿ ಕಂಡು ನಾನು ಮತ್ತೊಮ್ಮೆ ಹೌಹಾರಿದೆ. ಅವನಿಗೆ ನಿನ್ನೆಯೇ ಸುದ್ದಿ ಹೋಗಿದೆ. ನನಗೆ ಒಂದು ಮಾತು ಹೇಳಿಲ್ಲ! ಬೆಳಿಗ್ಗೆ ‘ಕರಕ್‌ಗೆ ಹೋಗ್ತೀನಿ’ ಎಂದು ಸಂದೇಶ ಕಳಿಸಿದರೆ ಉತ್ತರವೂ ಕೊಟ್ಟಿರಲಿಲ್ಲ. ನನ್ನನ್ನು ಕಂಡು ಅವನ ಮುಖ ಬಿಳಿಚಿತು. ತೋಳು ಹಿಡಿದು ಮೂಲೆಗೆ ಎಳೆದ.

“ಮನಾಹಿಲ್, ಕೇಳಿಲ್ಲಿ. ನೀನೇನೂ ಹೇಳ್ಬೇಕಾಗಿಲ್ಲ. ಅವ್ರೇ ಹೇಳ್ತಿದಾರೆ, ಹೆಸರು ತಪ್ಪಾಗಿ ಒತ್ತಿರ್ಬೇಕು ಅಂತ. ನಾವು ಹೌದು ಅನ್ನೋದೂ ಬೇಡ, ಅಲ್ಲ ಅನ್ನೋದೂ ಬೇಡ. ಸುಮ್ನಿರು ಅಷ್ಟೇ.”

“ಸುಮ್ನಿರ್ಬೇಕಾ? ಆ ಹೆಂಗ್ಸಿನ ಇಪ್ಪತ್ತಾರು ವರ್ಷ ಕಣೋ!”

“ಅವ್ಳಿಗೆ ಇನ್ನೆರಡು ವರ್ಷಕ್ಕೆ ನಿವೃತ್ತಿ. ನಮ್ಮ ಕಂಪನಿಯಿಂದ ಏಳು ಜನರ ಮನೆ ನಡೀಬೇಕು. ನಿಮ್ಮಮ್ಮ ಯಾರ ಆಸರೇಲಿ ಇದಾರೆ ಅಂತ ಯೋಚ್ನೆ ಮಾಡು. ನಾಳೆ ಬಂದು ನಾನೇ ಸದ್ದಿಲ್ದೆ ಎಲ್ಲಾ ತೆಗೆಸ್ತೀನಿ. ವಲ್ಲಾಹಿ, ಅಲ್ಲಾಹನಾಣೆ ತೆಗೆಸ್ತೀನಿ.”

“ನಾಳೆ?” ಎಂದೆ. “ಈಗ ಹತ್ತು ನಿಮಿಷದ ಹಿಂದೆ ಒಂದು ಮುದುಕಿಗೆ ಚುಚ್ಚೋದ್ರಲ್ಲಿದ್ರು. ಥೂ ನಿನ್ನ!”

ಅವನ ಕೈ ಕೊಡವಿ ಬಾಗಿಲು ತಳ್ಳಿದೆ.

ಉದ್ದ ಮೇಜಿನ ಒಂದು ಕಡೆ ಹಾಜ್ ಮಿಫ್ಲಿಹ್, ಆಸ್ಪತ್ರೆಯ ಮುಖ್ಯ ವೈದ್ಯರು, ಅವತ್ತು ಕಾಫಿ ಕುಡಿದ ಇಬ್ಬರು ಹಿರಿಯರು. ಈಚೆ ಉಮ್ ಗೈಸ್ ನಿಂತೇ ಇದ್ದಳು. ಕೂರಲು ಹೇಳಿದ್ದರಂತೆ, ಕೂತಿರಲಿಲ್ಲ. ಒಂದೇ ರಾತ್ರಿಯಲ್ಲಿ ಹತ್ತು ವರ್ಷ ಮುಪ್ಪಾದ ಹಾಗಿತ್ತು ಮುಖ.

“ನಾನು ಸರಿಯಾಗೇ ಒತ್ತಿದೆ ಹಾಜ್” ಎನ್ನುತ್ತಿದ್ದಳು. “ಅಬು ಸನದ್ ಅಂತ್ಲೇ ಒತ್ತಿದೆ. ಹಸಿರು ಬಂತು.”

“ಯಂತ್ರ ಸುಳ್ಳು ಹೇಳತ್ತಾ ಮಗಳೇ?” ಹಾಜ್ ದನಿಯಲ್ಲಿ ಗದರಿಕೆ ಇರಲಿಲ್ಲ, ಕನಿಕರವಿತ್ತು. ಅದೇ ಹೆಚ್ಚು ಕಷ್ಟ. “ರಾಜಧಾನಿಯವ್ರೇ ಮೆಚ್ಚಿದ ಯಂತ್ರ. ವಯಸ್ಸಾಯ್ತು ನಿನ್ಗೂ. ಬೆರಳು ತಪ್ಪಿದೆ ಅಂತ ಒಪ್ಕೊಂಡ್ಬಿಡು. ಮರ್ಯಾದೆಯಿಂದ್ಲೇ ಕಳಿಸ್ಕೊಡ್ತೀವಿ.”

“ಹಾಜ್!” ಎಂದೆ. ಎಲ್ಲರೂ ತಿರುಗಿದರು. ಟ್ಯಾಬ್ಲೆಟ್ಟನ್ನು ಅವರ ಮುಂದೆ ಇಟ್ಟೆ. ವಿವರಿಸಲು ಹೊರಟರೆ ರಕಾನ್ ನನ್ನ ಮಾತು ಮುಗಿಯಲು ಬಿಡುವುದಿಲ್ಲವೆಂದು ಗೊತ್ತಿತ್ತು. “ಒಂದು ಹೆಸರು ಒತ್ತಿ.”

“ಯಾರ ಹೆಸರು?”

“ಯಾರದಾದ್ರೂ ಸರಿ. ನಿಮ್ಮ ಮನೇಲಿ ಹೇಸರಗತ್ತೆ ಇದ್ಯಲ್ಲ, ಅದರದ್ದೇ ಒತ್ತಿ.”

“ಮನಾಹಿಲ್, ಹೊರಗೆ ಬಾ” ಎಂದ ರಕಾನ್ ಬಾಗಿಲಿನಿಂದ.

“ಹೇಸರಗತ್ತೆಗೆ ಯಾರು ಹೆಸರಿಡ್ತಾರೆ ಮಗಳೇ?” ಹಾಜ್ ಗಲಿಬಿಲಿಯಿಂದ ನಕ್ಕರು.

“ಹಂಗಾದ್ರೆ ಹೇಸರಗತ್ತೆ ಅಂತ್ಲೇ ಒತ್ತಿ. ಔಷಧಿ ಅಂತ ಇರೋ ಕಡೆ ಇಲಿ ಪಾಷಾಣ ಅಂತ ಬರೀರಿ.”

ನನ್ನ ಮುಖದಲ್ಲಿ ಏನು ಕಂಡಿತೋ, ಅವರು ನಗು ನಿಲ್ಲಿಸಿದರು. ಕನ್ನಡಕ ಸರಿಮಾಡಿಕೊಂಡು ಒಂದೊಂದೇ ಅಕ್ಷರ ಒತ್ತಿದರು. ಕೊನೆಯ ಗುಂಡಿ ಒತ್ತಿದರು.

ಹಸಿರು ದೀಪ ಹೊತ್ತಿಕೊಂಡಿತು. ಹೇಸರಗತ್ತೆ. ಇಲಿ ಪಾಷಾಣ. ಕೊಡಬಹುದು.

ಮುಖ್ಯ ವೈದ್ಯರು ಟ್ಯಾಬ್ಲೆಟ್ಟನ್ನು ತಮ್ಮ ಕಡೆ ಎಳೆದುಕೊಂಡು ತಮ್ಮದೇ ಹೆಸರು, ಏನೋ ಒಂದು ಔಷಧಿ ಒತ್ತಿದರು. ಹಸಿರು. ಇನ್ನೊಂದು ಒತ್ತಿದರು. ಹಸಿರು. ಹಣೆಯ ಬೆವರು ಪರದೆಯ ಮೇಲೆ ತೊಟ್ಟಿಕ್ಕಿತು, ಅದನ್ನು ಅಂಗೈಯಿಂದ ಒರೆಸಿ ಮತ್ತೆ ಒತ್ತಿದರು.

“ಒಳಗೆ ಏನೂ ಇಲ್ಲ. ಅದು ಯಾವ ಪಟ್ಟಿನೂ ನೋಡಲ್ಲ. ಏನು ಬರೆದ್ರೂ ಕೊಡಬಹುದು ಅನ್ನತ್ತೆ. ಉಮ್ ಗೈಸ್ ತಪ್ಪು ಒತ್ತಿಲ್ಲ. ಸರಿ ಒತ್ತಿದ್ರೂ ಹಸಿರೇ ಬರೋದು. ತೋರ್ಸೋಕೆ ಅಂತ ಮಾಡಿದ ಬೊಂಬೆ ಅದು” ಎಂದೆ.

ಹಾಜ್ ನಿಧಾನವಾಗಿ ರಕಾನ್ ಕಡೆ ತಿರುಗಿದರು. “ನೀನು ನಂಗೆ ಹೇಳ್ಲೇ ಇಲ್ಲ.”

“ಹೇಳಿದೆ ಹಾಜ್!” ಅವನ ದನಿ ಒಡೆಯಿತು. “ಲಿಫ್ಟಿನ ಹತ್ರ ನಿಮ್ಮ ಕೈ ಹಿಡ್ಕೊಂಡು ಹೇಳಿದೆ. ಒಳಗೆ ಏನೂ ಇಲ್ಲ, ಖಾಲಿ, ನೋಡೋಕೆ ಅಷ್ಟೇ ಅಂದೆ!”

“ಅಲ್ಲಯ್ಯಾ!” ಹಾಜ್ ಎದ್ದು ನಿಂತರು. ಅವರ ಗಡ್ಡ ನಡುಗುತ್ತಿತ್ತು. “ಇಡೀ ಕುರಿ ಬೇಯ್ಸಿ ತಟ್ಟೆ ಮುಂದಿಟ್ಟೋನು ಏನಂತಾನೆ? ‘ಏನೂ ಇಲ್ಲ ಹಾಜ್, ನಿಮ್ಮ ಘನತೆಗೆ ತಕ್ಕದ್ದಲ್ಲ’ ಅಂತ್ಲೇ ಅಂತಾನೆ. ನಮ್ಮಪ್ಪ ಹಂಗೇ ಅಂತಿದ್ರು, ನಿಮ್ಮಪ್ಪನೂ ಹಂಗೇ ಅಂತಿದ್ರು. ನಾನು ನಿನ್ನ ಸಂಸ್ಕಾರ ಅಂದ್ಕೊಂಡೆ! ಮುತ್ತು ಕೊಟ್ಟೆ ನಿಂಗೆ!”

ಆ ದಿನದಿಂದ ಇಂದಿನವರೆಗೂ ರಕಾನ್ ನನ್ನೊಂದಿಗೆ ಒಂದು ಮಾತಾಡಿಲ್ಲ, ಅವರಮ್ಮ ನಮ್ಮಮ್ಮನ ಮನೆಗೆ ಬಂದಿಲ್ಲ. ಹಾಜ್ ಮತ್ತೆ ಕೂತರು. ಇಬ್ಬರು ಹಿರಿಯರೂ ನೆಲ ನೋಡುತ್ತಿದ್ದರು. ಮುಖ್ಯ ವೈದ್ಯರು ಎದ್ದು ಮೆಟ್ಟಿಲ ಕಡೆ ಓಡಿದರು.

ನಾನು ಉಮ್ ಗೈಸ್ ಕಡೆ ತಿರುಗಿದೆ. ಬಚಾವಾದಳಲ್ಲ ಎಂಬ ಸಮಾಧಾನ ನನ್ನೊಳಗೆ ಇಣುಕಿತ್ತು, ಒಪ್ಪಿಕೊಳ್ಳುತ್ತೇನೆ. ಅವಳ ತಪ್ಪಲ್ಲ ಎಂದು ಎಲ್ಲರಿಗೂ ತಿಳಿಯಿತು, ಕೆಲಸ ಉಳಿಯಿತು, ಹೆಸರು ಉಳಿಯಿತು. ಅವಳು ನನ್ನನ್ನು ತಬ್ಬಿಕೊಳ್ಳುತ್ತಾಳೇನೋ ಎಂದೂ ಅನಿಸಿತ್ತು. ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ.

ಅವಳು ಮೇಜು ಹಿಡಿದುಕೊಂಡು ನಿಂತಿದ್ದಳು. ನಿನ್ನೆಯಿಂದ ಅಳದವಳ ಮುಖ ಈಗ ಕುಸಿಯುತ್ತಿತ್ತು.

“ಹದಿನೆಂಟು ದಿನ” ಎಂದಳು. “ಅಷ್ಟು ದಿನ ಅಷ್ಟು ಜನಕ್ಕೆ ಈ ಕೈಯಲ್ಲಿ ಕೊಟ್ಟೆ. ಹಸಿರು ನೋಡಿ ಕೊಟ್ಟೆ.”

“ನಿಮ್ಮ ತಪ್ಪಿಲ್ಲ ಅಮ್ಮಾ.”

“ನನ್ನ ಬೆರಳು ತಪ್ಪಿದ್ರೆ ಅದು ಒಂದೇ ತಪ್ಪಾಗ್ತಿತ್ತು ಮಗಳೇ. ಒಂದು ತಪ್ಪನ್ನ ಹೊತ್ಕೊಂಡು ಮನೆಗೆ ಹೋಗ್ತಿದ್ದೆ. ಈಗ? ಈಗ ಯಾರ್ಯಾರು ಅಂತ ಹೇಳು. ಎಷ್ಟು ಜನ ಅಂತ ಹೇಳು.” ಅವಳು ನನ್ನ ಮುಖ ದಿಟ್ಟಿಸಿದಳು. “ನಿಂಗೆ ಗೊತ್ತಿತ್ತಾ? ಅದ್ರೊಳಗೆ ಏನೂ ಇಲ್ಲ ಅಂತ?”

“ಗೊತ್ತಿತ್ತು. ನಾನೇ ಬರೆದದ್ದು. ಬಳಸಬೇಡಿ ಅಂತ ಮೇಲೊಂದು ಪಟ್ಟಿ ಇತ್ತು. ಅದನ್ನೂ ನಾನೇ ತೆಗೆದೆ.”

ಅವಳು ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. ನನ್ನ ಮುಂಗೈ ಹಿಡಿದುಕೊಂಡು ನಡೆದಳು. ಹಿಡಿತ ಕಬ್ಬಿಣದ ಹಾಗಿತ್ತು.

ವಾರ್ಡಿನಲ್ಲಿ ಕಡತಗಳ ಮೂಟೆಗಳು ಬಂದು ಬಿದ್ದಿದ್ದವು. ಮುಖ್ಯ ವೈದ್ಯರು, ರನೀಮ್, ಇನ್ನಿಬ್ಬರು ದಾದಿಯರು ಹಾಸಿಗೆಯಿಂದ ಹಾಸಿಗೆಗೆ ಓಡುತ್ತ ಒಬ್ಬೊಬ್ಬರದೇ ತೆಗೆದು ನೋಡುತ್ತಿದ್ದರು. ಅಬು ಸನದ್ ಕಣ್ಣು ಬಿಟ್ಟಿದ್ದಾರೆ, ಬದುಕುತ್ತಾರೆ ಎಂದು ವೈದ್ಯರು ನಮ್ಮನ್ನು ಕಂಡು ಕೂಗಿ ಹೇಳಿದರು. ಉಮ್ ಗೈಸ್ ನಿಲ್ಲಲಿಲ್ಲ. ಕೊನೆಯ ಕೋಣೆಗೆ ಕರೆದುಕೊಂಡು ಹೋಗಿ ನನ್ನನ್ನು ಕುರ್ಚಿಯಲ್ಲಿ ಕೂರಿಸಿದಳು. ಬಿಡುಗಡೆಯಾಗಿ ಮನೆಗೆ ಹೋದವರ ದಪ್ಪ ಪುಸ್ತಕವೊಂದನ್ನು ಮುಂದೆ ತೆರೆದಿಟ್ಟಳು. ಅದೊಂದನ್ನು ಮಾತ್ರ ಅವಳು ಹಾಜ್ ಮಾತು ಮೀರಿ ಕಾಗದದ ಮೇಲೆಯೇ ಬರೆಯುತ್ತ ಬಂದಿದ್ದಳು.

“ಇಲ್ಲಿರೋರನ್ನ ಅವ್ರು ನೋಡ್ಕೋತಾರೆ. ಹದಿನೆಂಟು ದಿನದಲ್ಲಿ ಮನೆಗೆ ಹೋದೋರು ನೂರಾ ಮೂವತ್ತೊಂದು ಜನ. ಹೋಗೋವಾಗ ಎಲ್ರಿಗೂ ಮಾತ್ರೆ ಕಟ್ಟಿ ಕೊಟ್ಟಿದೀನಿ, ಹತ್ತು ದಿನಕ್ಕೆ, ಹದಿನೈದು ದಿನಕ್ಕೆ. ಹಸಿರು ನೋಡಿ ಕೊಟ್ಟಿದೀನಿ” ಎಂದಳು.

ಅವಳ ಬೆರಳು ಮೊದಲ ಸಾಲಿನ ಮೇಲೆ ನಿಂತಿತು. ಶೇಖಾ ಎಂಬ ಹೆಂಗಸು, ಅರವತ್ತೆಂಟು ವರ್ಷ, ಪಕ್ಕದಲ್ಲಿ ಮಗನ ಫೋನ್ ನಂಬರು. ಮೇಜಿನ ಮೇಲಿದ್ದ ಫೋನನ್ನು ನನ್ನ ಕಡೆ ತಳ್ಳಿದಳು.

“ನೀವೇ ಮಾಡಿ ಅಮ್ಮಾ, ನಿಮ್ಮ ದನಿ ಅವ್ರಿಗೆ ಗೊತ್ತು” ಎಂದು ಬೇಡಿಕೊಂಡೆ.

“ಒಂದು ನಂದು, ಒಂದು ನಿಂದು. ಮೊದಲ್ನೇದು ನಿಂದು.”

ನಂಬರು ಒತ್ತಿದೆ. ಎರಡು ಸಲ ತಪ್ಪಾಯಿತು, ಮತ್ತೆ ಒತ್ತಿದೆ. ಆಚೆ ಫೋನು ಬಡಿದುಕೊಳ್ಳತೊಡಗಿತು. ಒಂದು ಸಲ, ಎರಡು ಸಲ, ಆರು ಸಲ. ಯಾರೂ ಎತ್ತಲಿಲ್ಲ. ಇಟ್ಟುಬಿಡಲೇ ಎಂದು ಅವಳ ಕಡೆ ನೋಡಿದೆ. ಅವಳು ತಲೆಯಾಡಿಸಿದಳು, ಬೇಡ ಎಂದು. ಒಂಬತ್ತನೆಯ ಸಲಕ್ಕೆ ಯಾರೋ ಎತ್ತಿದರು.

“ಅಲೋ?” ಗಂಡಸಿನ ದನಿ. ಹಿಂದೆ ತುಂಬ ಜನ ಮಾತಾಡುವ ಸದ್ದು. “ಅಲೋ, ಯಾರು?”

ಉಮ್ ಗೈಸ್ ನನ್ನ ಮಣಿಕಟ್ಟನ್ನು ಬಿಟ್ಟಿರಲಿಲ್ಲ.

“ಕೇಳು” ಎಂದಳು. “ನಿಮ್ಮಮ್ಮ ಬದುಕಿದಾರಾ ಅಂತ ಕೇಳು.”